ಸೋತವನು ಏನು ಮಾಡಬೇಕು? ‘ಟ್ಯಾಕ್ಟಿಕ್ಸ್ ಓಗರ್’ ಮೂರು ಸಲ ಕೊಟ್ಟ ಉತ್ತರ

ಶುಕ್ರವಾರ ರಾತ್ರಿ ಹನ್ನೊಂದೂವರೆ. ‘ಟ್ಯಾಕ್ಟಿಕ್ಸ್ ಓಗರ್’ ಅನ್ನೋ ವಿಡಿಯೊ ಗೇಮಿನ ಕ್ವಾಡ್ರಿಗಾ ಕೋಟೆ. ನಾನು ಎರಡನೇ ಸಲ ಸೋಲುತ್ತಿದ್ದೆ.

ಎದುರಿಗಿದ್ದವನು ನೈಬೆತ್ ಅನ್ನೋ ಮಾಂತ್ರಿಕ. ಸತ್ತವರನ್ನು ಎಬ್ಬಿಸುವುದೇ ಅವನ ಕಸುಬು. ಅವನ ಮುಂದೆ ಅಸ್ಥಿಪಂಜರಗಳ ಸಾಲು. ನಾನು ಒಂದನ್ನು ಕಷ್ಟಪಟ್ಟು ಕೆಡವಿದೆ. ಮೂಳೆಯ ರಾಶಿಯಾಗಿ ಬಿತ್ತು. ಸರಿ ಅಂತ ಮುಂದಿನದರ ಕಡೆ ತಿರುಗಿದೆ. ಸ್ವಲ್ಪ ಹೊತ್ತಿಗೆ ಹಿಂದಿನದು ಎದ್ದು ನಿಂತು ನನ್ನ ಬಿಲ್ಲುಗಾರನ ಬೆನ್ನಿಗೆ ಹೊಡೆಯಿತು. ಅದನ್ನು ಮತ್ತೆ ಕೆಡವುವಷ್ಟರಲ್ಲಿ ಇನ್ನೊಂದು ಎದ್ದಿತ್ತು. ಮಳೆಗಾಲದಲ್ಲಿ ಸೋರುವ ಮನೆ ಥರ. ಇಲ್ಲಿ ಪಾತ್ರೆ ಇಟ್ಟರೆ ಅಲ್ಲಿ ಸೋರುತ್ತೆ.

ಶಿವಮೊಗ್ಗದಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅವನು ಇದೇ ಆಟವನ್ನು ಪಿಎಸ್‌ಪಿಯಲ್ಲಿ, ಅಂದರೆ ಕೈಯಲ್ಲಿ ಹಿಡಿದು ಆಡುವ ಚಿಕ್ಕ ಪ್ಲೇಸ್ಟೇಷನ್ ಯಂತ್ರದಲ್ಲಿ, ಆಡಿದವನು, ಕಾಲೇಜಿನ ದಿನಗಳಲ್ಲಿ.

“ಅಣ್ಣಾ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯಾ? ವಾಪಸ್ ಹೋಗಿ ಎರಡು ಲೆವೆಲ್ ಏರಿಸ್ಕೊಂಡು ಬಾ. ಸುಮ್ನೆ ನುಗ್ಗಿ ಹೊಡೀಬಹುದು.”

ಹೊರಗೆ ಬಂದೆ. ತರಬೇತಿ ಕಾಳಗ ಶುರು ಮಾಡಿದೆ, ಗೆದ್ದೆ. ಯಾರ ಲೆವೆಲ್ಲೂ, ಅಂದರೆ ಬಲದ ಮಟ್ಟವೂ, ಏರಲಿಲ್ಲ. ಇನ್ನೊಂದು ಕಾಳಗ ಆಡಿದೆ. ಊಹೂಂ. ಆಮೇಲೆ ಪರದೆಯ ಮೇಲಿನ ಒಂದು ಸಂಖ್ಯೆ ಕಣ್ಣಿಗೆ ಬಿತ್ತು. ಇಡೀ ಪಡೆಗೆ ಒಂದು ಲೆವೆಲ್ ಮಿತಿ ಇದೆ. ಎಲ್ಲರೂ ಆಗಲೇ ಅದನ್ನು ಮುಟ್ಟಿದ್ದಾರೆ. ಕಥೆ ಮುಂದೆ ಹೋಗುವವರೆಗೆ ಆ ಮಿತಿ ಏರುವುದಿಲ್ಲ. ಕಥೆ ಮುಂದೆ ಹೋಗಬೇಕಾದರೆ ನೈಬೆತ್‌ನನ್ನು ಗೆಲ್ಲಬೇಕು.

ತಮ್ಮನಿಗೆ ಹೇಳಿದೆ. ಅವನು ನಂಬಲಿಲ್ಲ. “ಹಂಗೆಲ್ಲ ಇರಲ್ಲ, ಸರಿಯಾಗಿ ನೋಡು” ಅಂದ.

ಈ ಬರಹ ಆ ಫೋನ್ ಕರೆಯ ಬಗ್ಗೆಯೇ. ಇಬ್ಬರೂ ಆಡಿದ್ದು ಒಂದೇ ಆಟ. ಅದೇ ಕೋಟೆ, ಅದೇ ಮಾಂತ್ರಿಕ. ಆದರೆ ಸೋತವನು ಮುಂದೇನು ಮಾಡಬೇಕು ಅನ್ನೋ ಪ್ರಶ್ನೆಗೆ ಅವನ ಆಟ ಕೊಟ್ಟ ಉತ್ತರ ಬೇರೆ, ನನ್ನದು ಕೊಟ್ಟ ಉತ್ತರ ಬೇರೆ. ಅದಕ್ಕೂ ಮೊದಲು 1995ರಲ್ಲಿ ಬಂದ ಮೂಲ ಆಟದ ಉತ್ತರ ಇನ್ನೂ ಬೇರೆ ಇತ್ತು.

ಹಿನ್ನೆಲೆ, ಸ್ವಲ್ಪ ಬೇಗ

‘ಟ್ಯಾಕ್ಟಿಕ್ಸ್ ಓಗರ್’ ಮೊದಲು ಬಂದದ್ದು 1995ರ ಅಕ್ಟೋಬರ್‌ನಲ್ಲಿ, ಜಪಾನಿನಲ್ಲಿ, ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ. ಮಾಡಿದ್ದು ಕ್ವೆಸ್ಟ್ ಅನ್ನೋ ಚಿಕ್ಕ ಕಂಪನಿ. ನಿರ್ದೇಶಕ ಯಾಸುಮಿ ಮಾತ್ಸುನೊ. ಪಾತ್ರಗಳ ಚಿತ್ರ ಅಕಿಹಿಕೊ ಯೋಶಿದಾ ಅವರದು, ಸಂಗೀತ ಹಿತೋಶಿ ಸಾಕಿಮೊತೊ ಮತ್ತು ಮಸಹಾರು ಇವಾತಾ ಅವರದು. ಆಟ ಮುಗಿದ ಮೇಲೆ ಮಾತ್ಸುನೊ ಸ್ಕ್ವೇರ್ ಕಂಪನಿಗೆ ಹೋದರು. ಅಲ್ಲಿ ಮಾಡಿದ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಜಗತ್ತಿಗೆಲ್ಲ ಗೊತ್ತಾಯಿತು. ಅದರ ಅಣ್ಣನಂತಿರುವ ಈ ಆಟ ಮಾತ್ರ ಜಪಾನಿನ ಹೊರಗೆ ಬಹಳ ವರ್ಷ ಗೊತ್ತಿದ್ದವರಿಗಷ್ಟೇ ಗೊತ್ತಿತ್ತು. ಇಂಗ್ಲಿಷಿನಲ್ಲಿ ಪ್ಲೇಸ್ಟೇಷನ್‌ಗೆ ಬಂದದ್ದೇ 1998ರಲ್ಲಿ.

ಮುಂದೆ ಕ್ವೆಸ್ಟ್ ಸ್ಕ್ವೇರ್‌ನ ಕೈಸೇರಿತು. 2010ರಲ್ಲಿ ಪಿಎಸ್‌ಪಿಗೆ ಹೊಸ ರೂಪ ಬಂತು. ಮಾತ್ಸುನೊ ವಾಪಸ್ ಬಂದು ಕೈಜೋಡಿಸಿದರು, ಹಳೆಯ ತಂಡದವರೂ ಸೇರಿದರು. ಇಂಗ್ಲಿಷ್ ಆವೃತ್ತಿ 2011ರ ಫೆಬ್ರವರಿಯಲ್ಲಿ ಬಂತು. 2022ರ ನವೆಂಬರ್ 11ರಂದು ಮೂರನೆಯದು, ‘ರಿಬಾರ್ನ್’, ಪ್ಲೇಸ್ಟೇಷನ್, ಸ್ವಿಚ್ ಮತ್ತು ಸ್ಟೀಮ್‌ಗೆ. ನನ್ನ ಹತ್ತಿರ ಇರುವುದು ಇದು.

ಆಟ ಆಡುವ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು. ಚೌಕಗಳ ನೆಲ, ಏರುತಗ್ಗಿನ ಮನೆ, ಗೋಡೆ, ಗುಡ್ಡ. ಒಂದು ಕಡೆಗೆ ಸುಮಾರು ಹತ್ತು ಜನ. ಚದುರಂಗದ ಥರ ನಾನೊಂದು ನಡೆ, ನೀನೊಂದು ನಡೆ ಅಂತ ಇಲ್ಲ. ಪ್ರತಿಯೊಬ್ಬನಿಗೂ ಅವನದೇ ಗಡಿಯಾರ. ಚುರುಕಾದವನಿಗೆ, ಹಗುರ ಕವಚ ತೊಟ್ಟವನಿಗೆ ಬೇಗ ಸರದಿ ಬರುತ್ತದೆ. ಭಾರದ ಕಬ್ಬಿಣ ಹೊತ್ತವನು ಕಾಯಬೇಕು. ಎತ್ತರದಲ್ಲಿ ನಿಂತ ಬಿಲ್ಲುಗಾರನ ಬಾಣ ದೂರ ಹೋಗುತ್ತದೆ. ನಡುವೆ ನಮ್ಮವನೇ ನಿಂತಿದ್ದರೆ ಅವನ ಬೆನ್ನಿಗೇ ನಾಟುತ್ತದೆ. ಇದು ತಮಾಷೆಗೆ ಹೇಳಿದ್ದಲ್ಲ. ನನ್ನ ಮೊದಲ ವಾರದ ಅರ್ಧ ಗಾಯ ಹೀಗೇ ಆದದ್ದು.

ಕಥೆ ವಲೇರಿಯಾ ಅನ್ನೋ ದ್ವೀಪಸಮೂಹದ್ದು. ರಾಜ ಸತ್ತಿದ್ದಾನೆ, ವಾರಸುದಾರರಿಲ್ಲ. ಮೂರು ಜನಾಂಗ. ಅಧಿಕಾರ ಹಿಡಿದ ಬಾಕ್ರಮ್, ಸಂಖ್ಯೆಯಲ್ಲಿ ಜಾಸ್ತಿ ಇರುವ ಗಾಲ್ಗಸ್ತಾನ್, ಇವರಿಬ್ಬರ ನಡುವೆ ಅರೆದುಹೋಗುತ್ತಿರುವ ವಾಲಿಸ್ಟರ್. ಬಾಕ್ರಮ್ ಬೆನ್ನಿಗೆ ಲೊಡಿಸ್ ಅನ್ನೋ ಹೊರದೇಶದ ಕರಾಳ ಯೋಧರು. ನಾವು ಆಡುವ ಹುಡುಗ ಡೆನಮ್, ಅವನ ಅಕ್ಕ ಕಾಟಿಯುವಾ, ಗೆಳೆಯ ವೈಸ್. ಮೂವರೂ ವಾಲಿಸ್ಟರ್ ಊರಿನಲ್ಲಿ ಬೆಳೆದವರು. ಅವರ ಊರು ಸುಟ್ಟುಹೋಗಿದೆ.

1995ರಲ್ಲಿ ಯುಗೊಸ್ಲಾವಿಯಾ ಹೋಳಾಗಿ ಉರಿಯುತ್ತಿತ್ತು. ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ ನರಮೇಧ ನಡೆದದ್ದು ಆ ವರ್ಷದ ಜುಲೈನಲ್ಲಿ, ಆಟ ಬಂದದ್ದು ಅಕ್ಟೋಬರ್‌ನಲ್ಲಿ. ಆ ಯುದ್ಧದ ನೆರಳು ಕಥೆಯ ಮೇಲಿದೆ ಅನ್ನುವುದನ್ನು ಮಾತ್ಸುನೊ ಅವರೇ ಹೇಳಿದ್ದಾರೆ. ಡ್ರ್ಯಾಗನ್, ಮಾಂತ್ರಿಕ, ರೆಕ್ಕೆಯ ಮನುಷ್ಯರು ಎಲ್ಲ ಇದ್ದರೂ ಆಟ ಆಡುವಾಗ ಹೊಟ್ಟೆಯೊಳಗೆ ಕೂರುವುದು ಅದು. ನೆರೆಮನೆಯವನು ಯಾವ ಜನ ಅಂತ ಕೇಳಿ ಆಮೇಲೆ ಕತ್ತಿ ಎತ್ತುವ ಕಾಲ. ನಿಮ್ಮ ಪಡೆಯ ಒಬ್ಬೊಬ್ಬ ಸೈನಿಕನಿಗೂ ಒಂದು ಜನಾಂಗ ಇದೆ. ನೀವು ಗಾಲ್ಗಸ್ತಾನಿಗಳನ್ನು ಕೊಲ್ಲುತ್ತಾ ಹೋದರೆ ನಿಮ್ಮ ಪಡೆಯಲ್ಲೇ ಇರುವ ಗಾಲ್ಗಸ್ತಾನಿಯ ನಿಷ್ಠೆ ಇಳಿಯುತ್ತದೆ. ಒಂದು ದಿನ ಬಿಟ್ಟು ಹೋಗಲೂಬಹುದು.

ಮೊದಲ ಉತ್ತರ: ಕಲ್ಲು ಎಸೆದು ಬೆಳೆ

1995ರ ಆಟದಲ್ಲಿ ಸೋಲಿಗೆ ಬೆಲೆ ದೊಡ್ಡದು. ಅಪರೂಪದ ಮದ್ದು, ಮಂತ್ರ ಬಿಟ್ಟರೆ ಸತ್ತವರು ಸತ್ತರು. ಹೆಸರಿಟ್ಟು, ಕವಚ ಕೊಡಿಸಿ, ಹತ್ತು ಕಾಳಗ ಜೊತೆಗೆ ತಂದ ಹುಡುಗ ಒಂದು ತಪ್ಪು ನಡೆಗೆ ಹೋಗಿಬಿಡುತ್ತಾನೆ.

ಆದರೆ ಆಟದಲ್ಲಿ ಒಂದು ಹಿತ್ತಿಲ ಬಾಗಿಲೂ ಇತ್ತು. ತರಬೇತಿ. ನಿಮ್ಮ ಪಡೆಯನ್ನೇ ಎರಡು ಗುಂಪು ಮಾಡಿ ಒಬ್ಬರಿಗೊಬ್ಬರು ಹೊಡೆದಾಡಿಸಬಹುದು. ಕತ್ತಿಯಲ್ಲಿ ಹೊಡೆದರೆ ಪೆಟ್ಟು ಜೋರು, ಬೇಗ ಮುಗಿದುಹೋಗುತ್ತದೆ. ಅದಕ್ಕೇ ಆಟಗಾರರು ಕಲ್ಲು ಎಸೆಯುವುದನ್ನು ಹಿಡಿದುಕೊಂಡರು. ಕಲ್ಲಿನಿಂದ ನೋವು ಕಡಿಮೆ, ಅನುಭವದ ಅಂಕ ಮಾತ್ರ ಬರುತ್ತಲೇ ಇರುತ್ತದೆ. ಯೋಧರು, ಮಾಂತ್ರಿಕರು, ಪೂಜಾರಿಗಳು ಎಲ್ಲ ಮೈದಾನದಲ್ಲಿ ನಿಂತು ಗಂಟೆಗಟ್ಟಲೆ ಒಬ್ಬರಿಗೊಬ್ಬರು ಕಲ್ಲು ಹೊಡೆಯುತ್ತಿರುವುದನ್ನು ಒಂದು ಸಲ ಕಲ್ಪಿಸಿಕೊಳ್ಳಿ. ರಾಜ್ಯ ಉಳಿಸಲು ಹೊರಟ ಸೈನ್ಯ! ಇಷ್ಟು ಮಾಡುವ ಸಹನೆ ಇಲ್ಲದವರು ಕಂಪ್ಯೂಟರ್‌ಗೇ ನಡೆಸಲು ಬಿಟ್ಟು ಮಲಗುತ್ತಿದ್ದರು.

ಹಾಗಾಗಿ ಮೊದಲ ಉತ್ತರ ಇದು: ಸೋತರೆ ಹೊತ್ತು ಕೊಡು. ಎಷ್ಟು ಬೇಕಾದರೂ ಕೊಡು, ನಾನು ಲೆವೆಲ್ ಕೊಡುತ್ತೇನೆ.

ಇದು ಆ ಕಾಲಕ್ಕೆ ತಪ್ಪಾಗಿ ಕಂಡಿರಲಿಲ್ಲ. ಒಂದು ಕ್ಯಾಸೆಟ್ ತಂದರೆ ಅದರಲ್ಲೇ ವರ್ಷ ಕಳೆಯಬೇಕಿದ್ದ ಹುಡುಗರಿಗೆ ಹೊತ್ತಿಗೇನು ಬರ?

ಎರಡನೇ ಉತ್ತರ: ಹಿಂದಕ್ಕೆ ಹೋಗು, ಆದರೆ…

ಪಿಎಸ್‌ಪಿ ಆವೃತ್ತಿಯ ದೊಡ್ಡ ಹೊಸತು ಚಾರಿಯಟ್, ಅಂದರೆ ರಥ. ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಲೆಗಳಲ್ಲಿ, ಅಂದರೆ ಕಾರ್ಡುಗಳಲ್ಲಿ, ಒಂದರ ಹೆಸರು ಅದು. ಕಾಳಗದ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಿ ಐವತ್ತು ನಡೆಯವರೆಗೆ ಹಿಂದಕ್ಕೆ ಹೋಗಬಹುದು. ಅಲ್ಲಿಂದ ಬೇರೆ ದಾರಿ ಹಿಡಿಯಬಹುದು. ಅದೂ ಕೆಟ್ಟರೆ ಮೊದಲಿನ ದಾರಿಗೇ ವಾಪಸ್ ಬರಬಹುದು, ಅಳಿಸಿಹೋಗಿರುವುದಿಲ್ಲ. ಸಾವನ್ನೂ ಮೆತ್ತಗೆ ಮಾಡಿದರು. ಬಿದ್ದವನ ತಲೆ ಮೇಲೆ ಮೂರರಿಂದ ಎಣಿಕೆ ಇಳಿಯುತ್ತದೆ. ಅದು ಮುಗಿಯುವುದರೊಳಗೆ ಎಬ್ಬಿಸಿದರೆ ಅಥವಾ ಗೆದ್ದರೆ ಉಳಿದ. ಮುಗಿದರೂ ಅವನಿಗೆ ಮೂರು ಹೃದಯ, ಒಂದು ಹೋಗುತ್ತದೆ ಅಷ್ಟೆ.

ಒಂದು ಕೈಯಲ್ಲಿ ಇಷ್ಟು ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರು. ಲೆವೆಲ್ ಇನ್ನು ಮನುಷ್ಯನದಲ್ಲ, ಕಸುಬಿನದು ಅಂತ ಮಾಡಿದರು. ನಿಮ್ಮ ಪಡೆಯ ‘ನೈಟ್’ (ಕವಚ ತೊಟ್ಟ ಯೋಧ) ಕಸುಬು ಹತ್ತನೇ ಲೆವೆಲ್ ಅಂದರೆ ಯಾರನ್ನು ನೈಟ್ ಮಾಡಿದರೂ ಅವನು ಹತ್ತನೇ ಲೆವೆಲ್ಲು. ಮೊದಲು ಕೇಳುವಾಗ ಚೆನ್ನಾಗಿದೆ. ಹೊಸ ಹುಡುಗನನ್ನು ಸೇರಿಸಿಕೊಂಡರೆ ಅವನನ್ನು ಬೆಳೆಸುವ ಕಷ್ಟ ಇಲ್ಲ. ತೊಂದರೆ ಆಮೇಲೆ. ಆಟ ಅರ್ಧ ಆದಾಗ ಒಂದು ಹೊಸ ಕಸುಬು ಸಿಗುತ್ತದೆ. ಅದರ ಲೆವೆಲ್ ಒಂದು. ಎದುರಿಗಿರುವ ಶತ್ರುಗಳು ಹದಿನೈದು. ಹತ್ತು ವರ್ಷ ಕೆಲಸ ಮಾಡಿದ ಬಡಗಿ ಗಾರೆ ಕೆಲಸಕ್ಕೆ ಹೋದರೆ ಕೂಸಿನಂತೆ ಅಂಬೆಗಾಲಿಡಬೇಕು ಅನ್ನೋ ಲೆಕ್ಕ.

ತಮ್ಮ ಮಾಡಿದ್ದು ಏನು ಗೊತ್ತಾ? ಆಟದ ಕೊನೆಯವರೆಗೂ ಮೊದಲ ಅಧ್ಯಾಯದ ಕಸುಬುಗಳಲ್ಲೇ ಇದ್ದ. ಹೊಸದು ಸಿಕ್ಕಾಗೆಲ್ಲ ನೋಡಿ ಪಕ್ಕಕ್ಕಿಟ್ಟ. ಜೊತೆಗೆ ಪಿಎಸ್‌ಪಿ ಆವೃತ್ತಿಯಲ್ಲಿ ಬಿಲ್ಲು ಅಳತೆ ಮೀರಿ ಬಲವಾಗಿತ್ತು. ನಾಲ್ಕೈದು ಬಿಲ್ಲುಗಾರರನ್ನು ಗುಡ್ಡದ ಮೇಲೆ ನಿಲ್ಲಿಸಿದರೆ ಮುಗಿಯಿತು. ಹಾರುವ ಬಿಲ್ಲುಗಾರ ಕನೋಪಸ್ ಒಬ್ಬನೇ ಅರ್ಧ ಕೆಲಸ ಮುಗಿಸುತ್ತಿದ್ದ. ಹಾಗೂ ಎಲ್ಲಾದರೂ ಸಿಕ್ಕಿಬಿದ್ದರೆ ಹೊರಗೆ ಹೋಗಿ ಒಂದು ಗಂಟೆ ಸುತ್ತಾಡಿ ಲೆವೆಲ್ ಏರಿಸಿಕೊಂಡು ಬರುತ್ತಿದ್ದ. ಸಾಮಾನು ತಯಾರಿಸುವ ಅಂಗಡಿಯಲ್ಲೂ ಇದೇ ಕಥೆ. ಅಲ್ಲಿ ಕತ್ತಿ ಕಟ್ಟುವಾಗ ವಿಫಲವಾಗುವ ಸಾಧ್ಯತೆ ಇತ್ತು. ವಿಫಲವಾದರೆ ಕಬ್ಬಿಣ ಹೋಯಿತು. ಅವನು ಪ್ರತಿ ಸಲ ಮೊದಲು ಸೇವ್ ಮಾಡಿ, ಹಾಳಾದರೆ ಲೋಡ್ ಮಾಡುತ್ತಿದ್ದ. ಎಲ್ಲರೂ ಮಾಡುತ್ತಿದ್ದದ್ದು ಅದೇ.

ಅಂದರೆ ರಥ ಕೊಟ್ಟರೂ ಹೊತ್ತು ಕೊಟ್ಟು ದಾಟುವ ದಾರಿ ಹಾಗೇ ಉಳಿದಿತ್ತು. ಇನ್ನೂ ಅಗಲವಾಗಿತ್ತು ಅಂತಲೇ ನನ್ನ ಲೆಕ್ಕ. ಹೊಸ ಕಸುಬು ಬೇಕಾದರೆ ಆ ದಾರಿಯಲ್ಲಿ ನಡೆಯಲೇಬೇಕಿತ್ತು.

ಮೂರನೇ ಉತ್ತರ: ಚಾವಣಿ

‘ರಿಬಾರ್ನ್’ ತಂದ ಬದಲಾವಣೆಗಳ ಪಟ್ಟಿ ದೊಡ್ಡದಿದೆ. ಪಾತ್ರಗಳಿಗೆ ಪೂರ್ತಿ ಧ್ವನಿ ಬಂತು, ಸಂಗೀತವನ್ನು ವಾದ್ಯದವರನ್ನು ಕೂರಿಸಿ ಹೊಸದಾಗಿ ನುಡಿಸಿದರು, ಕಾಳಗದ ವೇಗ ಹೆಚ್ಚಿಸಬಹುದು, ಸಾಮಾನು ತಯಾರಿಕೆ ಇನ್ನು ವಿಫಲವಾಗುವುದಿಲ್ಲ, ಬಾಣ ಯಾವ ದಾರಿಯಲ್ಲಿ ಹಾರುತ್ತೆ ಅಂತ ಬಿಡುವ ಮೊದಲೇ ಗೆರೆ ಕಾಣುತ್ತದೆ. ಚಿತ್ರದ ಚುಕ್ಕೆಗಳನ್ನು ನುಣುಪು ಮಾಡಲು ಹೋಗಿ ಮುಖಗಳು ನೀರಲ್ಲಿ ನೆನೆದ ಹಾಗೆ ಆಗಿವೆ. ಅದು ನನಗೆ ಹಿಡಿಸಲಿಲ್ಲ. ಇವೆಲ್ಲ ಬೇಕಾದರೆ ಇನ್ನೊಂದು ದಿನ ಮಾತಾಡೋಣ.

ಈ ಪ್ರಕರಣಕ್ಕೆ ಬೇಕಾದದ್ದು ಎರಡೇ. ಒಂದು, ಲೆವೆಲ್ ಮತ್ತೆ ಮನುಷ್ಯನ ಪಾಲಾಯಿತು. ಬಿಲ್ಲುಗಾರನನ್ನು ಪೂಜಾರಿ ಮಾಡಿದರೂ ಅವನ ಲೆವೆಲ್ ಅವನ ಹತ್ತಿರವೇ ಇರುತ್ತದೆ. ಕಸುಬು ಬದಲಿಸುವ ಭಯ ಹೋಯಿತು. ಎರಡು, ಆ ಲೆವೆಲ್‌ಗೆ ಒಂದು ಚಾವಣಿ ಹಾಕಿದರು. ಇಂಗ್ಲಿಷ್ ಆವೃತ್ತಿಯಲ್ಲಿ ಅದರ ಹೆಸರು ‘ಯೂನಿಯನ್ ಲೆವೆಲ್’. ಕಥೆ ಮುಂದೆ ಸಾಗಿದಂತೆ ಮಾತ್ರ ಏರುತ್ತದೆ. ದಾರಿಯಲ್ಲಿ ಎದುರಾಗುತ್ತಿದ್ದ ಪುಡಿ ಕಾಳಗಗಳನ್ನೂ ತೆಗೆದರು. ಬೇಕಾದರೆ ತರಬೇತಿ ಮಾಡಿ, ಚಾವಣಿ ತಲೆಗೆ ಬಡಿಯುವವರೆಗೆ.

ಇದರ ಜೊತೆಗೆ ಗಂಟನ್ನೂ ಚಿಕ್ಕದು ಮಾಡಿದರು. ಪಿಎಸ್‌ಪಿಯಲ್ಲಿ ಒಬ್ಬನಿಗೆ ಹತ್ತು ಕೌಶಲ ಕಟ್ಟಬಹುದಿತ್ತು. ಈಗ ನಾಲ್ಕು. ಮಂತ್ರ ನಾಲ್ಕು. ಕೈಯಲ್ಲಿ ಹಿಡಿಯುವ ಮದ್ದು, ವಸ್ತು ನಾಲ್ಕು. ಮೂರು ಹೃದಯವೂ ಹೋಯಿತು. ಎಣಿಕೆ ಮುಗಿದರೆ ಮನುಷ್ಯ ಮುಗಿದ.

ರಥ ಮಾತ್ರ ಉಳಿಯಿತು. ಐವತ್ತು ನಡೆ.

ನಾವು ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂತೀವಲ್ಲ, ಆಟ ಮಾಡುವವರಿಗೂ ಆಡುವವರಿಗೂ ಇಪ್ಪತ್ತೇಳು ವರ್ಷ ನಡೆದದ್ದು ಅದೇ. ಕಲ್ಲು ಎಸೆಯುವ ಉಪಾಯ, ಸೇವ್-ಲೋಡ್ ಉಪಾಯ, ಬಿಲ್ಲುಗಾರರ ಗುಡ್ಡ. 2022ರಲ್ಲಿ ಮಾಡಿದವರು ಚಾಪೆಯನ್ನೇ ಸುತ್ತಿ ಒಳಗಿಟ್ಟರು.

ಮತ್ತೆ ಆ ಶುಕ್ರವಾರ ರಾತ್ರಿ

ಫೋನ್ ಇಟ್ಟ ಮೇಲೆ ನನಗೆ ಉಳಿದಿದ್ದದ್ದು ಒಂದೇ ಸಾಧನ. ರಥ. ಕೋಟೆಗೆ ಮೂರನೇ ಸಲ ಹೋದೆ. ಅದೇ ಥರ ಆಡಿದೆ, ಅದೇ ಥರ ಕೆಟ್ಟಿತು. ನನ್ನ ಪೂಜಾರಿ, ಅಂದರೆ ಕ್ಲೆರಿಕ್, ಬಿದ್ದಿದ್ದಳು. ತಲೆ ಮೇಲೆ ಎರಡು ಅಂತ ಎಣಿಕೆ. ಬದುಕಿಸಲು ಹತ್ತಿರ ಯಾರೂ ಇಲ್ಲ.

ಹಿಂದಕ್ಕೆ ಹೋದೆ. ಮೊದಲು ಒಂದೇ ನಡೆ. ಅವಳನ್ನು ಎರಡು ಚೌಕ ಈಚೆ ನಿಲ್ಲಿಸಿದೆ. ಅಸ್ಥಿಪಂಜರ ನಡೆದು ಬಂದು ಅಲ್ಲೇ ಹೊಡೆಯಿತು. ನಾಲ್ಕು ನಡೆ ಹಿಂದಕ್ಕೆ. ಅವಳ ಮುಂದೆ ನೈಟ್‌ನನ್ನು ಅಡ್ಡ ನಿಲ್ಲಿಸಿದೆ. ಈ ಸಲ ಅವಳು ಉಳಿದಳು, ಆದರೆ ಎಡಗಡೆ ಖಾಲಿಯಾಯಿತು. ಎದ್ದು ಬಂದ ಎರಡು ಅಲ್ಲಿಂದ ನುಗ್ಗಿದವು. ಹನ್ನೆರಡು ನಡೆ ಹಿಂದಕ್ಕೆ. ಇಪ್ಪತ್ತು.

ಆಗ ಕಂಡಿತು. ಇಪ್ಪತ್ತು ನಡೆ ಹಿಂದೆ ಆ ಕ್ಲೆರಿಕ್ ಏನು ಮಾಡುತ್ತಿದ್ದಳು? ವೈಸ್‌ಗೆ ಗಾಯ ಮಾಯಿಸುತ್ತಿದ್ದಳು. ಮೊದಲ ಅಧ್ಯಾಯದಲ್ಲಿ ವೈಸ್ ನಮ್ಮ ಮಾತು ಕೇಳುವವನಲ್ಲ. ಅವನು ಅತಿಥಿ, ಅವನನ್ನು ನಡೆಸುವುದು ಕಂಪ್ಯೂಟರ್. ಬಿಸಿರಕ್ತದ ಹುಡುಗ, ಗಂಟೆ ಹೊಡೆದ ತಕ್ಷಣ ಶತ್ರುಗಳ ನಡುವೆ ಓಡುತ್ತಾನೆ. ಅವನ ಹಿಂದೆ ನನ್ನ ಒಬ್ಬಳೇ ಕ್ಲೆರಿಕ್ ಓಡಿದ್ದಳು. ಬಿದ್ದ ಅಸ್ಥಿಪಂಜರ ಮತ್ತೆ ಏಳದಂತೆ ಮಾಡುವ ಎಕ್ಸಾರ್ಸಿಸಂ ಮಂತ್ರ ಇದ್ದದ್ದೂ ಅವಳ ಹತ್ತಿರ ಮಾತ್ರ. ಅವಳಿಗೆ ಅದನ್ನು ಓದಲು ಪುರುಸೊತ್ತೇ ಸಿಕ್ಕಿರಲಿಲ್ಲ.

ಇನ್ನೂ ಹಿಂದಕ್ಕೆ ಹೋಗಬೇಕಿತ್ತು. ಆದರೆ ಅದು ಮೊದಲ ನಡೆಗಿಂತಲೂ ಹಿಂದೆ. ರಥ ಅಲ್ಲಿಗೆ ಹೋಗುವುದಿಲ್ಲ. ತಪ್ಪು ಇದ್ದದ್ದು ಯಾರನ್ನು ಕರೆದುಕೊಂಡು ಹೋಗುತ್ತೇನೆ ಅನ್ನುವುದರಲ್ಲಿ. ನಾಲ್ಕು ಬಿಲ್ಲು, ಒಬ್ಬಳು ಕ್ಲೆರಿಕ್. ತಮ್ಮನ ಲೆಕ್ಕ ಅದು. ಏಳುವ ಹೆಣಗಳಿಗೆ ಬಾಣ ಹೊಡೆದು ಏನು ಬಂತು?

ಕಾಳಗಕ್ಕೆ ಮೊದಲೇ ನೆಲವನ್ನೂ ಶತ್ರುಗಳನ್ನೂ ನೋಡಿ ಬರುವ ಸೌಲಭ್ಯ ‘ರಿಬಾರ್ನ್’ನಲ್ಲಿ ಇದೆ. ನಾನು ಮೂರು ಸಲವೂ ಅದನ್ನು ಒತ್ತಿರಲಿಲ್ಲ. ನಾಲ್ಕನೇ ಸಲ ಒತ್ತಿದೆ. ನೋಡಿದೆ. ಒಬ್ಬ ಬಿಲ್ಲುಗಾರನನ್ನು ಮನೆಗೆ ಕಳಿಸಿ ಇನ್ನೊಬ್ಬನನ್ನು ಕ್ಲೆರಿಕ್ ಮಾಡಿದೆ. ಲೆವೆಲ್ ಅವನ ಜೊತೆಗೇ ಬಂತು, ಒಂದು ನಿಮಿಷದ ಕೆಲಸ. ಪಿಎಸ್‌ಪಿ ಆವೃತ್ತಿಯಲ್ಲಿ ಇದಕ್ಕೆ ಮೊದಲೇ ಆ ಕಸುಬಿನ ಲೆವೆಲ್ ಏರಿಸಿಟ್ಟುಕೊಂಡಿರಬೇಕಿತ್ತು. ಇಬ್ಬರು ನೈಟ್‌ಗಳು ಬಾಗಿಲಿನಂತೆ ಮುಂದೆ. ವೈಸ್ ಓಡಿದ. ಓಡಲಿ ಅಂತ ಬಿಟ್ಟೆ. ಕೆಡವಿದ ಪ್ರತಿಯೊಂದು ಮೂಳೆರಾಶಿಯ ಪಕ್ಕ ಒಬ್ಬ ಕ್ಲೆರಿಕ್ ಹೋಗಿ ಮಂತ್ರ ಓದಿ ಮುಗಿಸಿದ. ಒಂದು ಗಂಟೆ ಆಗುವಷ್ಟರಲ್ಲಿ ನೈಬೆತ್ ಒಬ್ಬಂಟಿಯಾಗಿದ್ದ.

ನನ್ನ ಪಡೆಯ ಲೆವೆಲ್ ಮೊದಲ ಸಲ ಎಷ್ಟಿತ್ತೋ ನಾಲ್ಕನೇ ಸಲವೂ ಅಷ್ಟೇ ಇತ್ತು.

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನಿಸುವುದು ಇದು. ರಥ ಎರಡೂ ಆವೃತ್ತಿಯಲ್ಲಿ ಒಂದೇ. ಪಿಎಸ್‌ಪಿಯಲ್ಲಿ ತಮ್ಮ ಅದನ್ನು ರಬ್ಬರ್ ಥರ ಬಳಸಿದ. ಬಾಣ ತಪ್ಪಿತಾ, ಅಳಿಸು, ಮತ್ತೆ ಬಿಡು. ಹಿಂದೆ ಹೋಗಿ ಹುಡುಕುವ ಅಗತ್ಯ ಅವನಿಗೆ ಬರಲಿಲ್ಲ, ಯಾಕಂದರೆ ತೀರಾ ಕಷ್ಟವಾದರೆ ಲೆವೆಲ್ ಇತ್ತು. ಚಾವಣಿ ಹಾಕಿದ ಮೇಲೆ ಅದೇ ರಥ ತನಿಖೆಯ ಸಾಧನವಾಯಿತು. ಗಾಡಿ ಎಲ್ಲಿ ಹಳ್ಳಕ್ಕೆ ಇಳಿಯಿತು ಅಂತ ಗಾಲಿಯ ಗುರುತು ಹಿಡಿದು ವಾಪಸ್ ನಡೆಯುವುದು. ರಥದಲ್ಲಿ ಒಂದು ಸಾಲೂ ಬದಲಾಗದೆ ರಥದ ಅರ್ಥ ಬದಲಾಯಿತು.

ಚಾವಣಿ ಸೋರುವ ಜಾಗ

ಇಷ್ಟು ಹೊಗಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳಬೇಕು.

ಮೈದಾನದ ಮೇಲೆ ಅಲ್ಲಲ್ಲಿ ಎಲೆಗಳು (ಗಿಡದ್ದಲ್ಲ, ಕಾರ್ಡುಗಳು) ಬಿದ್ದಿರುತ್ತವೆ. ಅವುಗಳ ಮೇಲೆ ಹೆಜ್ಜೆ ಇಟ್ಟರೆ ಆ ಕಾಳಗದ ಮಟ್ಟಿಗೆ ಬಲ ಬರುತ್ತದೆ. ಒಂದರಿಂದ ಏಟು ಜೋರಾಗುತ್ತೆ, ಇನ್ನೊಂದರಿಂದ ಮಂತ್ರ, ಮತ್ತೊಂದರಿಂದ ಮರ್ಮಕ್ಕೆ ತಗಲುವ ಸಾಧ್ಯತೆ. ಒಬ್ಬ ನಾಲ್ಕರವರೆಗೆ ಹಿಡಿಯಬಹುದು. ಇದೂ ‘ರಿಬಾರ್ನ್’ ತಂದದ್ದೇ. ಯೋಚನೆ ಕೆಟ್ಟದ್ದಲ್ಲ. ಸುರಕ್ಷಿತ ಜಾಗ ಬಿಟ್ಟು ಎಲೆಗಾಗಿ ಮುಂದೆ ಹೋಗಬೇಕಾ ಬೇಡವಾ ಅನ್ನೋ ಪ್ರಶ್ನೆ ಪ್ರತಿ ನಡೆಯಲ್ಲೂ ಇರುತ್ತದೆ.

ಆದರೆ ಮುಂದೆ ಮುಂದೆ ಹೋದಂತೆ ಎದುರಾಳಿ ನಾಯಕರು ಆ ಎಲೆಗಳನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ. ನಿಮ್ಮ ತಲೆ ಮೇಲೆ ಚಾವಣಿ, ಅವರ ಕೈಯಲ್ಲಿ ನಾಲ್ಕು ಎಲೆ. ಒಬ್ಬ ನಾಯಕ ಒಂದೇ ಏಟಿಗೆ ನನ್ನ ನೈಟ್‌ನ ಅರ್ಧಕ್ಕಿಂತ ಜಾಸ್ತಿ ಜೀವ ತೆಗೆದ. ನೈಟ್ ಕಬ್ಬಿಣದಲ್ಲಿ ಮುಚ್ಚಿಕೊಂಡಿದ್ದ, ಲೆವೆಲ್ಲೂ ಮಿತಿಯಲ್ಲೇ ಇತ್ತು. ಆಗ ನನಗೂ ಸಿಟ್ಟು ಬಂತು. ನಾನು ಎಲ್ಲಿ ತಪ್ಪಿದೆ ಹೇಳು ಅಂತ ಕೇಳಬೇಕೆನಿಸಿತು. ಹಿಂದಕ್ಕೆ ಹೋಗಿ ಹುಡುಕಿದರೂ ನನ್ನ ತಪ್ಪು ಸಿಗಲಿಲ್ಲ. ನಾಯಕನನ್ನು ದೂರದಿಂದಲೇ ಎಲ್ಲರೂ ಸೇರಿ ಹೊಡೆದು ಬೇಗ ಮುಗಿಸುವುದೇ ಉಪಾಯವಾಯಿತು. ಹಾಗೆ ಮಾಡಿದಾಗ ಉಳಿದ ಕಾಳಗ ಸುಮ್ಮನೆ ಅಲಂಕಾರ. ಎಷ್ಟೋ ಕಾಳಗಗಳು ನಾಯಕ ಬಿದ್ದರೆ ಮುಗಿಯುವಂಥವೇ.

ಹೊತ್ತು ಕೊಟ್ಟು ದಾಟುವ ದಾರಿ ಮುಚ್ಚುವುದಾದರೆ ಉಳಿದ ದಾರಿಗಳು ಅಗಲವಾಗಿರಬೇಕು, ಅಲ್ವಾ? ಮೊದಲ ಎರಡು ಅಧ್ಯಾಯಗಳಲ್ಲಿ ಅಗಲವಾಗಿವೆ. ಕೊನೆಕೊನೆಗೆ ಓಣಿಯಾಗುತ್ತವೆ. ಅರಾಮಾಗಿ, ಕಥೆಗಾಗಿ ಆಡುವವನಿಗೆ ಹಿಂದಿನ ಎರಡು ಆವೃತ್ತಿಗಳು ಒಂದು ಊರುಗೋಲು ಕೊಡುತ್ತಿದ್ದವು. ಇದರಲ್ಲಿ ಅದು ಇಲ್ಲ. ಕೆಲಸ ಮುಗಿಸಿ ಬಂದು ದಿನಕ್ಕೆ ಒಂದು ಗಂಟೆ ಆಡುವ ನನಗೆ ಕಲ್ಲು ಎಸೆಯುವ ಶಿಕ್ಷೆ ತಪ್ಪಿತು ಅನ್ನೋದು ನಿಜ. ಅದೇ ಒಂದು ಗಂಟೆ ಒಬ್ಬ ನಾಯಕನ ಮುಂದೆ ಮೂರು ರಾತ್ರಿ ಹೋದದ್ದೂ ನಿಜ.

ಬಾಲ್ಮಾಮುಸಾ

ಮೂರು ಆವೃತ್ತಿಯಲ್ಲೂ ಯಾರೂ ಮುಟ್ಟದೆ ಬಿಟ್ಟ ಒಂದು ಜಾಗ ಇದೆ. ಮೊದಲ ಅಧ್ಯಾಯದ ಕೊನೆ.

ಬಾಲ್ಮಾಮುಸಾ ಗಣಿಗಳ ಊರು. ಗಾಲ್ಗಸ್ತಾನಿಗಳ ಹಿಡಿತದಲ್ಲಿ ವಾಲಿಸ್ಟರ್ ಜನ ದುಡಿಯುವ ಜಾಗ. ಡೆನಮ್‌ಗೆ ಒಪ್ಪಿಸಿದ ಕೆಲಸ, ಅವರನ್ನು ಬಂಡೆದ್ದು ಬರುವಂತೆ ಒಪ್ಪಿಸುವುದು. ಅವರು ಒಪ್ಪುವುದಿಲ್ಲ. ಸಾಕಾಗಿದೆ ಅವರಿಗೆ. ಯಾರ ಯುದ್ಧವೂ ಬೇಡ. ಆಗ ವಾಲಿಸ್ಟರ್ ನಾಯಕ ಡ್ಯೂಕ್ ರಾನ್ವೇಯ ಬಲಗೈ ಬಂಟ ಲಿಯೊನಾರ್ ಬಂದು ಹೊಸ ಆಜ್ಞೆ ಹೇಳುತ್ತಾನೆ. ಊರಿನವರನ್ನೆಲ್ಲ ಕೊಲ್ಲಬೇಕು. ನಮ್ಮವರನ್ನೇ. ಕೊಂದು ಗಾಲ್ಗಸ್ತಾನಿಗಳು ಮಾಡಿದ್ದು ಅಂತ ಸಾರಬೇಕು. ಆ ಸಿಟ್ಟಿಗೆ ವಾಲಿಸ್ಟರ್ ಜನ ಒಂದಾಗುತ್ತಾರೆ.

ಪರದೆ ಮೇಲೆ ಎರಡು ಸಾಲು. ಒಪ್ಪುತ್ತೀಯಾ, ಇಲ್ಲವಾ. ಅತ್ತ ದರಿ, ಇತ್ತ ಪುಲಿ.

ಒಪ್ಪಿದರೆ ಕೈಗೆ ರಕ್ತ ಅಂಟುತ್ತದೆ, ವೈಸ್ ಬಿಟ್ಟು ಹೋಗುತ್ತಾನೆ. ಒಪ್ಪದಿದ್ದರೆ ಊರು ಉಳಿಯುತ್ತದೆ ಅಂದುಕೊಂಡಿರಿ, ಅಲ್ವಾ? ಉಳಿಯುವುದಿಲ್ಲ. ಲಿಯೊನಾರ್ ಆ ಕೆಲಸ ಮುಗಿಸುತ್ತಾನೆ. ಅಪವಾದವನ್ನು ಡೆನಮ್ ತಲೆಗೇ ಕಟ್ಟುತ್ತಾರೆ. ವೈಸ್ ಈಗ ಲಿಯೊನಾರ್ ಪಕ್ಕದಲ್ಲಿ ನಿಂತಿರುತ್ತಾನೆ. ನೀವು ಯಾವ ಕಡೆ ಹೋದರೂ ಅವನು ಇನ್ನೊಂದು ಕಡೆ. ಇಡೀ ಮುಂದಿನ ಅಧ್ಯಾಯ ಇಲ್ಲಿಂದ ಎರಡಾಗಿ ಸೀಳುತ್ತದೆ. ಮೂರನೇ ಅಧ್ಯಾಯದಲ್ಲಿ ಮೂರು ದಾರಿ. ಮತ್ತೆ ಒಂದಾಗುವುದು ನಾಲ್ಕರಲ್ಲಿ.

ಇಲ್ಲಿ ಲೆವೆಲ್ ಎಷ್ಟಿದ್ದರೂ ಒಂದೇ. ಕಲ್ಲು ಎಸೆದು ರಾತ್ರಿಯಿಡೀ ಬೆಳೆಸಿದ ಪಡೆ ಇದ್ದರೂ ಆ ಊರು ಸಾಯುತ್ತದೆ. ರಥವೂ ಇಲ್ಲಿಗೆ ಬರುವುದಿಲ್ಲ. ಅದು ಕಾಳಗದೊಳಗಿನ ಗಾಡಿ. ಹಳೆಯ ಸೇವ್ ಲೋಡ್ ಮಾಡಬಹುದು, ಅದು ಬೇರೆ ಮಾತು. ಪಿಎಸ್‌ಪಿ ಆವೃತ್ತಿಯಿಂದ ‘ವರ್ಲ್ಡ್’ ಅನ್ನೋ ಇನ್ನೊಂದು ಎಲೆ ಬಂದಿದೆ, ಅದರಿಂದ ಹಿಂದಿನ ಕವಲಿಗೆ ಹೋಗಿ ಇನ್ನೊಂದು ದಾರಿ ನೋಡಬಹುದು. ಆದರೆ ಪೂರ್ತಿ ಆಟ ಮುಗಿಸಿದ ಮೇಲೆ.

ಇಪ್ಪತ್ತೇಳು ವರ್ಷದಲ್ಲಿ ಕಾಳಗದ ತಪ್ಪಿನ ಬೆಲೆಯನ್ನು ಮೂರು ಸಲ ಅಳೆದು ಮೂರು ಬೇರೆ ಜಾಗದಲ್ಲಿ ಇಟ್ಟವರು ಈ ಎರಡು ಸಾಲಿನ ಬೆಲೆಯನ್ನು ಅಲುಗಾಡಿಸಿಲ್ಲ. ಬದಲಾದದ್ದು ಒಂದೇ. 2022ರಲ್ಲಿ ಲಿಯೊನಾರ್‌ಗೆ ಧ್ವನಿ ಇದೆ. ಓದುವಾಗ ಅವನು ರಾಕ್ಷಸನಂತೆ ಇದ್ದ ಅಂತ ತಮ್ಮ ಹೇಳುತ್ತಿದ್ದ. ಕೇಳುವಾಗ ಹಾಗಿಲ್ಲ. ತುಂಬ ದಣಿದ, ಲೆಕ್ಕ ಹಾಕಿ ಮುಗಿಸಿದ ಮನುಷ್ಯನ ಮಾತು. ಕಚೇರಿಯಲ್ಲಿ ಯಾರನ್ನೋ ತೆಗೆಯಬೇಕು ಅಂತ ತೀರ್ಮಾನವಾದ ಮೇಲೆ ಬಂದು ವಿವರಿಸುವವರ ದನಿ ಇರುತ್ತಲ್ಲ, ಹಾಗೆ. ನನಗೆ ಅದೇ ಜಾಸ್ತಿ ಚುಚ್ಚಿತು.

ನಾನು ಒಪ್ಪಲಿಲ್ಲ. ಒಪ್ಪದೆ ಕಳ್ಳನಂತೆ ಓಡುವ ಅಧ್ಯಾಯ ಆಡಿದೆ.

ತಮ್ಮ ಹೋದ ಬೇಸಿಗೆಯಲ್ಲಿ ರಿಯಾಯಿತಿಯಲ್ಲಿ ‘ರಿಬಾರ್ನ್’ ತಗೊಂಡ. ಎರಡನೇ ವಾರ ಫೋನ್ ಬಂತು. ಕ್ವಾಡ್ರಿಗಾದಲ್ಲಿ ಸಿಕ್ಕಿಬಿದ್ದಿದ್ದಾನೆ. ಲೆವೆಲ್ ಏರ್ತಾ ಇಲ್ಲ, ಇದರಲ್ಲಿ ಏನೋ ದೋಷ ಇದೆ ಅಂದ. ಎಷ್ಟು ಬಿಲ್ಲು ತಗೊಂಡು ಹೋಗಿದೀಯಾ ಅಂತ ಕೇಳಿದೆ.

“ಐದು” ಅಂದ.

ಮುಂದಿನ ಭಾನುವಾರ ಮತ್ತೆ ಮಾಡಿದ. ಈ ಸಲ ದನಿ ಮೆತ್ತಗಿತ್ತು. ಬಾಲ್ಮಾಮುಸಾಗೆ ಬಂದಿದ್ದೇನೆ, ಪಿಎಸ್‌ಪಿಯಲ್ಲಿ ಯಾವುದನ್ನು ಒತ್ತಿದ್ದೆ ಅಂತ ನೆನಪಿದೆ, ಈ ಸಲ ಇನ್ನೊಂದು ಒತ್ತೋಣ ಅಂತ ಕೂತಿದ್ದೇನೆ, ಆದರೆ ಅರ್ಧ ಗಂಟೆಯಿಂದ ಕೈ ಹೋಗ್ತಾ ಇಲ್ಲ ಅಂದ.

“ನೀನು ಯಾವ್ದು ಒತ್ತಿದೆ ಅಣ್ಣಾ?”

ಹೇಳಲಿಲ್ಲ. ಆ ಕಡೆ ಆಟದ ಸಂಗೀತ ಸಣ್ಣಗೆ ಸುತ್ತಿ ಸುತ್ತಿ ಬರುತ್ತಿತ್ತು.